ಬದಲಿ ಆಳು ನಡೆಯುವುದಿಲ್ಲ ಎಂದು ಬೋರ್ಡು ಹಾಕಿದ ವರ್ಷ

ಕೊರೊನಾ ಮುಗಿದ ಮರುವರ್ಷ ಗಜೇಂದ್ರಗಡದ ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಾನು ಖಡಕ್ ರೊಟ್ಟಿ ಕೇಂದ್ರ ತೆರೆದೆ. ನಾನು ಓದಿದ್ದು ಏಳನೇ ಇಯತ್ತೆ. ಅಲ್ಲಿಯವರೆಗೆ ಯಾರಿಗೂ ಪಗಾರ ಕೊಟ್ಟವಳಲ್ಲ, ಯಾರಿಂದಲೂ ಪಗಾರ ತೆಗೆದುಕೊಂಡವಳೂ ಅಲ್ಲ. ಒಮ್ಮೆಲೇ ಮಾಲಕಿಯಾದೆ. ಈಗ ಆಗಾಗ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಂದು, ಇಷ್ಟು ನಂಬಿಗಸ್ತ ಕೆಲಸದವರನ್ನು ಎಲ್ಲಿ ಹುಡುಕಿದಿರಿ ಎಂದು ಕೇಳುತ್ತಾರೆ. ಹುಡುಕಿದ್ದು ನಾನಲ್ಲ, ನನ್ನ ತಂಗಿ. ನನ್ನ ಪಾಲಿಗೆ ಬಂದದ್ದು ಅವರನ್ನು ಕಳೆದುಕೊಳ್ಳುವ ಕೆಲಸ. ಅದನ್ನು ಚೆನ್ನಾಗಿಯೇ ಮಾಡಿದೆ. ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಖಡಕ್ ರೊಟ್ಟಿಯ ಕೆಲಸ ನೋಡದವರಿಗೆ ಸ್ವಲ್ಪ ಹೇಳಬೇಕು. ಕುದಿಯುವ ನೀರಿನಲ್ಲಿ ಜೋಳದ ಹಿಟ್ಟು ಕಲಸಿ, ನಾದಿ, ಉಂಡೆ ಮಾಡಿ, ಅಂಗೈಯಿಂದ ಬಡಿದು ಅಗಲ ಮಾಡುತ್ತಾರೆ. ಲಟ್ಟಣಿಗೆ ಮುಟ್ಟುವುದಿಲ್ಲ. ಹಂಚಿನ ಮೇಲೆ ಬೇಯಿಸಿ, ಬೆಂಕಿಯ ಪಕ್ಕ ನಿಲ್ಲಿಸಿ ಕಟಕಟ ಎನ್ನುವವರೆಗೆ ಒಣಗಿಸುತ್ತಾರೆ. ಹಾಗೆ ಒಣಗಿದ್ದು ಬಹಳ ದಿನ ಕೆಡುವುದಿಲ್ಲ. ಆದರೆ ಎಲ್ಲ ರೊಟ್ಟಿಯೂ ಒಂದೇ ದಪ್ಪ, ಒಂದೇ ಅಗಲ ಇರಬೇಕು. ಇಲ್ಲದಿದ್ದರೆ ಬಾಕ್ಸಿನಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಬಸ್ಸಿನ ಕುಲುಕಾಟಕ್ಕೆ ರೋಣ ಮುಟ್ಟುವುದರೊಳಗೆ ಅರ್ಧ ಮುರಿದು, ನರಗುಂದ ಮುಟ್ಟುವ ಹೊತ್ತಿಗೆ ಚೂಡಾ ಆಗಿರುತ್ತವೆ.

ನರಗುಂದವನ್ನು ಸುಮ್ಮನೆ ಹೇಳಲಿಲ್ಲ. ನನ್ನ ದೊಡ್ಡ ಗಿರಾಕಿ ಶೇಖಪ್ಪನವರ ಖಾನಾವಳಿ ಇರುವುದು ಅಲ್ಲಿ. ಕಾಳಿನ ಪೇಟೆಗೆ ಬರುವ ರೈತರು, ಹಮಾಲರು, ಲಾರಿ ಡ್ರೈವರುಗಳು ಅವರಲ್ಲಿ ಉಣ್ಣುತ್ತಾರೆ. ನನ್ನ ಮುಕ್ಕಾಲು ಮಾಲು ಅವರಿಗೇ ಹೋಗುತ್ತಿತ್ತು. ನಮ್ಮ ಮನೆಯವರ ಹೊಲಿಗೆ ಕೆಲಸ ಕೊರೊನಾದಲ್ಲಿ ನಿಂತದ್ದು ಮತ್ತೆ ಕುದುರಿರಲಿಲ್ಲ. ಶೇಖಪ್ಪನವರು ಬೇಡ ಎಂದ ದಿನ ಕೇಂದ್ರದ ಒಲೆಯ ಜೊತೆ ಮನೆಯ ಒಲೆಯೂ ಆರಬೇಕು ಎನ್ನುವುದು ನನಗೆ ಗೊತ್ತಿತ್ತು.

ಇನ್ನು ನನ್ನ ತಂಗಿ ಗಂಗವ್ವ. ಮನೆಯಲ್ಲಿ ಗಂಗಿ. ನಮ್ಮಪ್ಪ ನೇಕಾರ. ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಲು ಒಬ್ಬ ಹುಡುಗಿ ಮನೆಯಲ್ಲಿ ಇರಲೇಬೇಕಾಗಿತ್ತು. ಇಬ್ಬರಲ್ಲಿ ಯಾರು ಎಂಬ ಮಾತು ಬಂದಾಗ ಗಂಗಿ ತಾನೇ ಹೋಗಿ ಮಗ್ಗದ ಪಕ್ಕ ಕುಳಿತಳು. ನಾನು ಸಾಲೆಗೆ ಹೋದೆ. ಸಾಲೆಯಲ್ಲಿ ನಾನು ಕಲಿತದ್ದು ನೋಡಿದರೆ ಅವಳು ಅಷ್ಟು ದೊಡ್ಡ ತ್ಯಾಗ ಮಾಡಬೇಕಾಗಿರಲಿಲ್ಲ ಎನಿಸುತ್ತದೆ. ಮುಂದೆ ಅವಳನ್ನು ಹತ್ತಿರದ ರಾಜೂರಿಗೆ ಕೊಟ್ಟರು. ಕೇಂದ್ರ ತೆರೆಯುತ್ತೇನೆ ಎಂದಾಗ ಅವಳು ಕೇಳಿದ್ದು ಒಂದೇ ಮಾತು, ಎಷ್ಟು ಮಂದಿ ಬೇಕು ಎಂದು. ನಾಲ್ಕು ಜನ ಎಂದೆ. ಮರುದಿನ ಮುಂಜಾನೆ ರಾಜೂರಿನ ಟಂಟಂ ರಿಕ್ಷಾ ನಮ್ಮ ಬಾಗಿಲಿಗೆ ಬಂದು ನಿಂತಿತು. ಗಂಗಿ ಇಳಿದಳು, ಹಿಂದೆ ನಾಲ್ಕು ಜನ ಇಳಿದರು. ಅಂದಿನಿಂದ, ನಾನು ಬೋರ್ಡು ಬರೆಸುವವರೆಗೆ, ಒಂದು ದಿನವೂ ತಪ್ಪಲಿಲ್ಲ.

ತೆರೆದ ಮೊದಲ ತಿಂಗಳಲ್ಲೇ ಊರಿನ ಒಂದು ಮದುವೆ ಮನೆಯಿಂದ ನಮ್ಮ ತಾಕತ್ತಿಗೆ ಮೀರಿದ ಆರ್ಡರು ಬಂತು. ಗಂಗಿ ರಾಜೂರಿನ ತನ್ನ ಓಣಿಯನ್ನೇ ಎಬ್ಬಿಸಿಕೊಂಡು ಬಂದಳು. ಕೆಲಸ ಮುಗಿದ ಮೇಲೆ ನಾನು ಕೂಲಿ ಕೊಡಲು ಹೋದರೆ ಯಾರೂ ಕೈ ಚಾಚಲಿಲ್ಲ, ಮುಯ್ಯಿ ಎಂದರು. ಮುಯ್ಯಿ ಎಂದರೆ ನಮ್ಮ ಹೊಲದ ಕಡೆಯ ಪದ್ಧತಿ. ಇವತ್ತು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲದಲ್ಲಿ ದುಡಿಯಬೇಕು. ಕೂಲಿ ಇಲ್ಲ, ದಿನಕ್ಕೆ ದಿನ. ನಾನು ಆ ಖುಷಿಯಲ್ಲಿ ಎಲ್ಲರಿಗೂ ಚಹಾ ಕೊಡುತ್ತ, ನಿಮ್ಮ ಕಡಲೆ ಕೀಳಲು ನಾನೇ ಬರುತ್ತೇನೆ ಎಂದೆ. ಬಹಳ ಪ್ರೀತಿಯಿಂದ ಹೇಳಿದೆ. ಚಹಾದ ಲೋಟ ತೊಳೆಯುವುದರೊಳಗೆ ಮರೆತೆ.

ಕೆಲವು ದಿನ ಕಳೆದ ಮೇಲೆ ನನಗೆ ಒಂದು ಸಂಶಯ ಬಂತು. ಟಂಟಂನಿಂದ ದಿನವೂ ನಾಲ್ಕು ಜನ ಇಳಿಯುತ್ತಿದ್ದರು, ಅದು ಸರಿ. ಆದರೆ ಅದೇ ನಾಲ್ಕು ಜನ ಇಳಿಯುತ್ತಿರಲಿಲ್ಲ. ಸೋಮವಾರ ಬಂದ ರೇಣವ್ವ ಮಂಗಳವಾರ ಇರುತ್ತಿರಲಿಲ್ಲ, ಅವಳ ನೆಗೆಣ್ಣಿ ಇರುತ್ತಿದ್ದಳು. ಬುಧವಾರ ನೆಗೆಣ್ಣಿಯ ಜಾಗದಲ್ಲಿ ಪಕ್ಕದ ಮನೆಯ ಮಾಬೂಬಿ. ಗಂಗಿಯನ್ನು ಕೇಳಿದರೆ ಅವಳು ಇದರಲ್ಲಿ ಕೇಳುವುದೇನಿದೆ ಎನ್ನುವಂತೆ ನೋಡಿ, ರೇಣವ್ವ ಇವತ್ತು ಮಾಬೂಬಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಳೆ, ಅದಕ್ಕೆ ಮಾಬೂಬಿ ಇಲ್ಲಿ ಬಂದಿದ್ದಾಳೆ ಎಂದಳು. ಓಣಿಯವರು ನಮ್ಮ ರೊಟ್ಟಿ ಕೇಂದ್ರವನ್ನೂ ತಮ್ಮ ಮುಯ್ಯಿಯೊಳಗೆ ಸೇರಿಸಿಕೊಂಡುಬಿಟ್ಟಿದ್ದರು. ನಾನು ನಾಲ್ಕು ಜನರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇನೆ ಎಂದು ತಿಳಿದಿದ್ದೆ. ಇಟ್ಟುಕೊಂಡಿದ್ದು ಒಂದು ಓಣಿಯನ್ನು.

ಒಂದು ದಿನ ನೀಲವ್ವಾಯಿ ಬಂದಳು. ಓಣಿಗೆಲ್ಲ ಹಿರಿಯಳು. ಬಾಯಲ್ಲಿ ಒಂದೂ ಹಲ್ಲಿಲ್ಲ. ಸೊಸೆಯ ಬದಲಿ ಬಂದಿದ್ದೇನೆ ಎಂದು ಹೇಳಿ, ಒಲೆಯ ಹತ್ತಿರ ಬೆಚ್ಚಗೆ ಕುಳಿತು, ಸಂಜೆಯವರೆಗೆ ಬೇರೆಯವರು ಬಡಿದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಪರೀಕ್ಷೆ ಮಾಡಿದಳು. ಹಲ್ಲಿಲ್ಲದವಳು ಖಡಕ್ ರೊಟ್ಟಿಯ ಖಡಕ್‌ತನ ಹೇಗೆ ತಿಳಿಯುತ್ತಾಳೆ ಎಂದು ನಾನು ಕೇಳಿದೆ. ಅದಕ್ಕವಳು, ಮಾಲಕಿಗೆ ರೊಟ್ಟಿ ಬಡಿಯಲು ಬಾರದಿದ್ದರೂ ನಡೆಯುತ್ತದೆ, ನನಗೆ ಹಲ್ಲಿಲ್ಲದಿದ್ದರೆ ನಡೆಯುವುದಿಲ್ಲವೇ ಎಂದಳು. ನನಗೆ ರೊಟ್ಟಿ ಬಡಿಯಲು ಬರುತ್ತಿತ್ತು. ಆದರೆ ಆ ಹೊತ್ತಿಗೆ ನಾನು ತಿರುಗುವ ಕುರ್ಚಿ ಒಂದನ್ನು ಕೊಂಡಿದ್ದೆ. ಅದರಲ್ಲಿ ಕುಳಿತ ಮೇಲೆ ಹಿಟ್ಟಿಗೆ ಕೈ ಹಾಕಲು ಮನಸ್ಸಾಗುತ್ತಿರಲಿಲ್ಲ.

ಒಂದು ಕಡಲೆ ಸುಗ್ಗಿ ಹೀಗೇ ಕಳೆದು, ಮರುವರ್ಷ ಯಮನಪ್ಪನ ದಿನ ಬಂತು. ಯಮನಪ್ಪ ರೇಣವ್ವನ ಗಂಡ. ಆ ದಿನ ನಾನು ರೋಣಕ್ಕೆ ಹೊರಟಿದ್ದೆ. ಅಲ್ಲಿ ಸಣ್ಣ ಉದ್ಯಮ ಮಾಡುವವರಿಗೆ ಒಂದು ದಿನದ ತರಬೇತಿ ಇತ್ತು. ಬಸ್ಸಿನ ಹೊತ್ತಾಗಿತ್ತು. ಟಂಟಂನಿಂದ ಗಂಗಿಯ ಹಿಂದೆ ಮೂವರು ಹೆಂಗಸರು ಇಳಿದರು, ನಾಲ್ಕನೆಯವನಾಗಿ ಮೀಸೆ ಹೊತ್ತ ಯಮನಪ್ಪ ಇಳಿದ.

‘ರೇಣಿಗೆ ಜ್ವರ ಬಂದಾವ್ರಿ ಅಕ್ಕಾರ. ಇವತ್ತ ಅಕಿ ಪಾಳಿ. ಮನಿ ಮಾತು ಹೋಗಬಾರದಂತ ನಾ ಬಂದೇನಿ’ ಎಂದ.

ಆಪರೇಶನ್ ಮಾಡಲು ಹೊರಟ ಡಾಕ್ಟರರಂತೆ ಮೊಳಕೈವರೆಗೆ ತಿಕ್ಕಿ ತಿಕ್ಕಿ ಕೈ ತೊಳೆಯುತ್ತಿದ್ದ ಅವನನ್ನು ನೋಡುತ್ತಲೇ ನಾನು ಬಸ್ ಹತ್ತಿದೆ. ಅವನು ಬಡಿದ ರೊಟ್ಟಿಗಳನ್ನು ಗಂಗಿ ಎಮ್ಮೆಗೆಂದು ಬೇರೆ ಇಟ್ಟಿದ್ದಳಂತೆ. ಆದರೆ ಸಂಜೆ ಬಾಕ್ಸು ತುಂಬುವಾಗ ಅವಳು ನೀರು ತರಲು ಹೋಗಿದ್ದಳು. ಯಮನಪ್ಪ ತನ್ನ ದುಡಿಮೆ ವ್ಯರ್ಥವಾಗಬಾರದೆಂದು ಎಲ್ಲವನ್ನೂ ಜೋಡಿಸಿ, ಹಗ್ಗ ಬಿಗಿದು, ತಾನೇ ಹೊತ್ತೊಯ್ದು ನರಗುಂದದ ಬಸ್ಸಿಗೆ ಹಾಕಿ ಬಂದ.

ಮರುದಿನ ಶೇಖಪ್ಪನವರ ಫೋನು ಬಂತು.

‘ಅಕ್ಕಾರ, ರೊಟ್ಟಿ ಕಳಿಸೀರೋ ಹಂಚ ಕಳಿಸೀರೋ? ಒಬ್ಬ ಹಮಾಲ ಅದನ್ನ ರೊಕ್ಕದ ಗಲ್ಲೇ ಮ್ಯಾಲ ಬಡದು ತೋರಿಸಿದ. ಗಲ್ಲೇದ ಕಾಜು ಒಡೀತು, ರೊಟ್ಟಿ ಒಡೀಲಿಲ್ಲ. ಇನ್ನೊಮ್ಮಿ ಹಿಂಗಾತಂದ್ರ ನಾ ರೋಣದಾಗ ಬ್ಯಾರೆ ಯಾರನ್ನರ ನೋಡ್ಕೊಂತೀನಿ.’

ರೋಣದ ತರಬೇತಿಯಲ್ಲಿ ಟೈ ಕಟ್ಟಿಕೊಂಡವರೊಬ್ಬರು ಹೇಳಿದ ಮಾತುಗಳು ಇನ್ನೂ ತಲೆಯಲ್ಲಿ ಬಿಸಿಯಾಗಿದ್ದವು. ಡಿಸಿಪ್ಲಿನ್, ಅಟೆಂಡೆನ್ಸ್, ಕ್ವಾಲಿಟಿ ಕಂಟ್ರೋಲ್. ಮೂರನ್ನೂ ಒಂದೇ ದಿನ ತರಬೇಕೆಂದು ನಿಶ್ಚಯಿಸಿದೆ. ಪೇಂಟರನನ್ನು ಕರೆಸಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದೆ: ಬದಲಿ ಆಳು ನಡೆಯುವುದಿಲ್ಲ. ಬಂದವರಲ್ಲಿ ಹೆಚ್ಚಿನವರಿಗೆ ಓದು ಬಾರದು. ಅದಕ್ಕೆ ದಿನವೂ ನಾನೇ ಓದಿ ಹೇಳುತ್ತಿದ್ದೆ.

ಹೆಬ್ಬೆರಳಿನ ಗುರುತು ಹಿಡಿದು ಹಾಜರಿ ಹಾಕುವ ಮಷೀನನ್ನೂ ತಂದು ಬಾಗಿಲ ಪಕ್ಕ ಕೂರಿಸಿದೆ. ಮೊದಲ ದಿನವೇ ಅದು ಕೈ ಕೊಟ್ಟಿತು. ಬಿಸಿ ನೀರು, ಬಿಸಿ ಹಿಟ್ಟು, ಹಂಚು, ಕುಡುಗೋಲು ಇವುಗಳಲ್ಲೇ ಸವೆದ ಬೆರಳುಗಳಲ್ಲಿ ಅದಕ್ಕೆ ಗೆರೆಯೇ ಸಿಗಲಿಲ್ಲ. ಒಬ್ಬೊಬ್ಬರು ಬೆರಳು ಇಟ್ಟಾಗಲೂ ಅದು ಹೆಣ್ಣುದನಿಯಲ್ಲಿ ‘ಪ್ಲೀಸ್ ಟ್ರೈ ಅಗೇನ್’ ಎನ್ನುತ್ತಿತ್ತು.

‘ಏನಂತಾಳಬೇ ಇಕಿ?’ ಎಂದು ಮಾಬೂಬಿ ಗಂಗಿಯನ್ನು ಕೇಳಿದಳು.

ಇನ್ನೊಮ್ಮೆ ಬೆರಳು ಇಡಬೇಕಂತೆ ಎಂದು ನಾನು ಹೇಳಿದೆ.

‘ಆಗಿಂದ ಇಡಾಕತ್ತೀನಲ್ರಿ. ಇಷ್ಟೊತ್ತಿಗೆ ನನ್ನ ಸೊಸಿ ಆಗಿದ್ರ ಗುರ್ತ ಹಿಡೀತಿದ್ಲು.’

ಆ ಮಷೀನು ಒಂದೇ ಸಲಕ್ಕೆ ಗುರುತು ಹಿಡಿದದ್ದು ನನ್ನ ಬೆರಳನ್ನು ಮಾತ್ರ. ಆಗ ನನಗೆ ಅದು ಹೆಮ್ಮೆಯೆನಿಸಿತು.

ಗಂಗಿ ನನ್ನನ್ನು ಹಿತ್ತಲಿಗೆ ಕರೆದು, ಹೀಗೆ ಬಿಗಿ ಮಾಡಿದರೆ ಸುಗ್ಗಿಯಲ್ಲಿ ಒಬ್ಬರೂ ಬರುವುದಿಲ್ಲ, ಬಡಿಯುವವರನ್ನು ಬೇಕಾದರೆ ಆರಿಸು, ಬರುವವರನ್ನು ಆರಿಸಬೇಡ ಎಂದಳು. ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನೀನು ನನ್ನ ಕಡೆಯೋ ಆಳುಗಳ ಕಡೆಯೋ ಎಂದು ಕೇಳಿದೆ. ಅವಳು ಒಳಗೆ ಹೋಗಿ ಮತ್ತೆ ಹಿಟ್ಟು ನಾದತೊಡಗಿದಳು.

ಇದಾದ ವಾರದಲ್ಲಿ ಶೇಖಪ್ಪನವರು ಕೇಂದ್ರ ನೋಡಲು ತಾವೇ ಬಂದರು. ಈಗ ಬರೆಯುವ ಮಾತನ್ನು ಬರೆಯಲು ನನಗೆ ಬಹಳ ಕಷ್ಟವಾಗುತ್ತಿದೆ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಕುರ್ಚಿಯಲ್ಲಿ ಕುಳಿತಿದ್ದೆ. ಗಂಗಿ ಒಲೆಯ ಮುಂದೆ ಇದ್ದಳು. ಸೀರೆ ಹಳೆಯದು, ಮೊಳಕೈವರೆಗೆ ಹಿಟ್ಟು, ಹಣೆಯ ಮೇಲೆ ಮಸಿ. ಅವಳು ಒಬ್ಬೊಬ್ಬರಿಗೂ ಕೆಲಸ ಹೇಳುತ್ತಿದ್ದುದನ್ನು ಶೇಖಪ್ಪನವರು ನೋಡಿ, ಆಕೆ ಯಾರು ಎಂದು ಕೇಳಿದರು.

‘ಅಕಿನಾ? ರಾಜೂರ ಕಡಿ ಹೆಣ್ಣಾಳ್ರಿ’ ಎಂದೆ.

ಯಾಕೆ ಹಾಗೆ ಅಂದೆ ಎಂದು ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ಮಾಲಕಿಯ ತಂಗಿ ಹೀಗೆ ಮಸಿ ಹಚ್ಚಿಕೊಂಡು ಕೂತಿದ್ದಾಳೆ ಎಂದರೆ ಗಿರಾಕಿಗೆ ನಮ್ಮ ತೂಕ ಕಡಿಮೆ ಕಾಣುತ್ತದೆ ಎನಿಸಿರಬೇಕು. ಗಂಗಿಯ ಬಡಿತ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅವಳಿಗೆ ಕೇಳಿಸಿಲ್ಲ ಎಂದು ನಾನು ನನಗೇ ಹೇಳಿಕೊಂಡೆ.

ಮತ್ತೆ ಕಡಲೆಯ ಸುಗ್ಗಿ ಬಂತು. ಟಂಟಂನಿಂದ ಇಳಿಯುವವರು ನಾಲ್ಕು ಹೋಗಿ ಇಬ್ಬರಾದರು, ಇಬ್ಬರು ಹೋಗಿ ಗಂಗಿ ಒಬ್ಬಳಾದಳು. ಅವರವರ ಹೊಲಕ್ಕೆ ಅವರವರು ಬೇಕು. ಬದಲಿ ಕಳಿಸೋಣವೆಂದರೆ ಗೋಡೆಯ ಮೇಲೆ ಬರೆದಿದೆ. ಅವರು ನನ್ನ ನಿಯಮವನ್ನು ಒಂದು ಅಕ್ಷರ ಬಿಡದೆ ಪಾಲಿಸಿದರು.

ನಾನು ಹೊಸಬರನ್ನು ಹುಡುಕಲು ಹೊರಟೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಹಾಕಿಸಿದೆ. ಮೊದಲು ಬಂದವಳು ಅಮಾವಾಸ್ಯೆ, ಹುಣ್ಣಿಮೆ, ಸೋಮವಾರ, ಶುಕ್ರವಾರ ಬರುವುದಿಲ್ಲ ಎಂದಳು. ಮತ್ತೆ ಯಾವಾಗ ಬರುತ್ತೀ ಎಂದರೆ ‘ಉಳಿದ ದಿನಾ ಎಲ್ಲಾ ನಿಮ್ಮವ ಅಲ್ಲರಿ’ ಎಂದು ದೊಡ್ಡ ಮನಸ್ಸು ಮಾಡಿದಳು. ಇನ್ನೊಬ್ಬಳು ಗಂಡನೊಂದಿಗೆ ಬಂದಳು. ಕೇಳಿದ್ದಕ್ಕೆಲ್ಲ ಗಂಡನೇ ಉತ್ತರ ಕೊಟ್ಟ. ರೊಟ್ಟಿ ಬಡಿಯಲು ಹೇಳಿದರೆ ಅವಳು ಗಂಡನ ಮುಖ ನೋಡಿದಳು. ಅವನು, ಮನೆಯಲ್ಲಿ ರೊಟ್ಟಿ ತನ್ನ ತಾಯಿ ಮಾಡುತ್ತಾಳೆ ಎಂದ. ಮೂರನೆಯವಳ ಕೈ ಚೆನ್ನಾಗಿತ್ತು. ನಾನು ಅವಳಿಗೆ ಮುಂಗಡ ಕೊಟ್ಟೆ, ಚಹಾ ಕೊಟ್ಟೆ, ಒಲೆಯ ಹೊಗೆ ಕಣ್ಣಿಗೆ ಬರುತ್ತದೆ ಎಂದಾಗ ಫ್ಯಾನು ತಂದೆ. ಫ್ಯಾನಿನ ಗಾಳಿಗೆ ಒಲೆ ಆರುತ್ತದೆ ಎಂದಾಗ ಫ್ಯಾನು ತೆಗೆದೆ. ಮೂರನೇ ದಿನ ಅವಳು ಬರಲಿಲ್ಲ, ಫೋನೂ ಎತ್ತಲಿಲ್ಲ. ಇಷ್ಟು ಉಪಚಾರ ನಾನು ಗಂಗಿಗೆ ಒಂದು ದಿನವೂ ಮಾಡಿರಲಿಲ್ಲ. ಅವಳು ಹೇಗೂ ಬರುತ್ತಿದ್ದಳಲ್ಲ.

ಆ ನಡುವೆಯೇ ಒಂದು ಮುಂಜಾನೆ ಶೇಖಪ್ಪನವರು ಫೋನು ಮಾಡಿ, ನರಗುಂದದ ಒಬ್ಬ ಕಾಳಿನ ವ್ಯಾಪಾರಿಯ ಮಗಳ ಮದುವೆಯ ಊಟ ತಮಗೆ ಸಿಕ್ಕಿದೆ, ರೊಟ್ಟಿ ನಿಮ್ಮದೇ, ನಾಳೆ ಮುಂಜಾನೆಗೆ ಮುಟ್ಟಬೇಕು ಎಂದರು. ಈ ಸಲ ತಪ್ಪಿದರೆ ಮುಂದೆ ಲೆಕ್ಕವೇ ಬೇಡ ಎಂದೂ ಹೇಳಿದರು. ನಾನು ಹೂಂ ಎಂದು ಫೋನಿಟ್ಟು, ಹಿಟ್ಟು ತೂಗಿಸಿ, ಟಂಟಂಗಾಗಿ ಕಾದೆ. ಟಂಟಂ ಬಂತು. ಅದರಿಂದ ಯಾರೂ ಇಳಿಯಲಿಲ್ಲ. ಗಂಗಿಯೂ ಇಳಿಯಲಿಲ್ಲ. ಡ್ರೈವರ್ ತಲೆ ಹೊರಗೆ ಹಾಕಿ, ಗಂಗಕ್ಕ ಇವತ್ತು ಬರುವುದಿಲ್ಲವಂತೆ ಎಂದ.

ಅದೇ ಟಂಟಂನಲ್ಲಿ ಕುಳಿತು ನಾನು ರಾಜೂರಿಗೆ ಹೋದೆ. ದಾರಿಯುದ್ದಕ್ಕೂ ಅವಳಿಗೆ ಏನೇನು ಬೈಯಬೇಕು ಎಂದು ಜೋಡಿಸಿಕೊಂಡೆ. ಮನೆಗೆ ಕೀಲಿ ಹಾಕಿತ್ತು. ನೀಲವ್ವಾಯಿಯ ಹೊಲದಲ್ಲಿ ಕಡಲೆ ಕೀಳುತ್ತಿದ್ದಾರೆ ಎಂದು ಯಾರೋ ಹೇಳಿದರು. ಎರೆಹೊಲದ ಒಡ್ಡಿನ ಮೇಲೆ ನಿಂತು ನೋಡಿದರೆ ನನ್ನ ರೊಟ್ಟಿ ಕೇಂದ್ರವೆಲ್ಲ ಅಲ್ಲಿ ಬಾಗಿ ಸಾಲುಗಟ್ಟಿ ನಿಂತಿತ್ತು. ರೇಣವ್ವ, ಮಾಬೂಬಿ, ಕಿತ್ತ ಗಿಡ ಹೊರುವ ಯಮನಪ್ಪ. ಕೊನೆಯ ಸಾಲಿನಲ್ಲಿ ಗಂಗಿ.

‘ಅಲ್ಲಿ ಒಲಿ ಆರೇತಿ, ನೀ ಇಲ್ಲಿ ಮಂದಿ ಹೊಲದಾಗ ಕಡ್ಲಿ ಕೀಳಾಕತ್ತಿ?’ ಎಂದು ಕೂಗಿದೆ.

ಅವಳು ತಿರುಗಲಿಲ್ಲ. ‘ಇದೊಂದ ಸಾಲ ಮುಗೀಲಿ ಯಕ್ಕಾ’ ಎಂದಳು.

‘ನಾಳಿಗೆ ರೊಟ್ಟಿ ಮುಟ್ಟಲಿಲ್ಲಂದ್ರ ಶೇಖಪ್ಪ ಬಿಟ್ಟ ಹೊಕ್ಕಾನ. ಇವರಿಗೆ ನಿಂದೇನ ಕೊಡೂದು ಉಳದೈತಿ?’

ನೀಲವ್ವಾಯಿ ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಎದ್ದು ನಿಂತಳು.

‘ಅಕೀದೇನೂ ಇಲ್ಲ ಶಾಂತವ್ವ. ನಿಂದೈತಿ.’

ನನಗೆ ತಿಳಿಯಲಿಲ್ಲ. ಆಗ ಅವಳೇ ಬಿಡಿಸಿ ಹೇಳಿದಳು. ಮೊದಲ ತಿಂಗಳಿನ ಆ ಮದುವೆ ಆರ್ಡರಿಗೆ ಓಣಿಯೆಲ್ಲ ಬಂದು ಬಡಿದದ್ದು ಮುಯ್ಯಿಗೆ. ಕಡಲೆ ಕೀಳಲು ಬರುತ್ತೇನೆ ಎಂದು ನಾನೇ ಬಾಯಿ ಬಿಟ್ಟು ಹೇಳಿದ್ದೆ. ಹೋದ ಸುಗ್ಗಿಯಲ್ಲಿ ನಾನು ಬರಲಿಲ್ಲ. ಅಕ್ಕನಿಗೆ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ ಎಂದು ಗಂಗಿ ಒಂದೊಂದು ಮನೆಯ ಹೊಲಕ್ಕೂ ನನ್ನ ಪಾಲಿನ ದಿನ ದುಡಿಯುತ್ತ ಬಂದಿದ್ದಳು. ಕೇಂದ್ರದಿಂದ ಸಂಜೆ ಮರಳಿ, ಬೆಳಗಾಗುವ ಮೊದಲು ಎದ್ದು, ರಜೆಯ ದಿನ ಕೂಡ. ಉಳಿದವರದು ಮುಗಿದು ಈ ಸುಗ್ಗಿಗೆ ನೀಲವ್ವಾಯಿಯ ಹೊಲ ಉಳಿದಿತ್ತು.

‘ಸುಮ್ಮಿರಬೇ ಆಯಿ’ ಎಂದಳು ಗಂಗಿ. ‘ಅದನ್ನೆಲ್ಲಾ ನಾ ಎಣಸಿಲ್ಲ.’

‘ನೀ ಎಣಸಿಲ್ಲ. ನಾವು ಎಣಿಸೇವಿ.’

ಸಾಲಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆದರೂ ಮಾಲಕಿಯ ಬುದ್ಧಿ ಬಿಟ್ಟುಹೋಗಿರಲಿಲ್ಲ. ಪರ್ಸಿಗೆ ಕೈ ಹಾಕಿ, ಎಷ್ಟು ಆಳು ಬೇಕು ಹೇಳಿ, ಇವತ್ತೇ ಕೂಲಿ ಕೊಟ್ಟು ಕಳಿಸುತ್ತೇನೆ ಎಂದೆ.

‘ಬದಲಿ ಆಳು ನಡಿಯಂಗಿಲ್ಲರಿ ಅಕ್ಕಾರ’ ಎಂದಳು ರೇಣವ್ವ. ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ.

ನಾನು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಗಂಗಿಯ ಪಕ್ಕದ ಸಾಲಿಗೆ ಇಳಿದೆ. ಕಡಲೆ ಕೀಳುವುದನ್ನು ದೂರದಿಂದ ನೋಡಿದವರಿಗೆ ಸುಲಭ ಕಾಣುತ್ತದೆ. ಗಿಡದ ತುಂಬ ಹುಳಿ ಇರುತ್ತದೆ. ಅಂಗೈಯ ಸಣ್ಣ ಗೀರಿಗೆ ತಾಗಿದರೂ ಚುರುಗುಡುತ್ತದೆ. ಮಂಜು ಆರುವ ಮೊದಲೇ ಕಿತ್ತರೆ ಕಾಯಿ ಉದುರುವುದಿಲ್ಲ, ಬಿಸಿಲೇರಿದರೆ ಉದುರುತ್ತದೆ. ನಾನು ಇಳಿದಾಗ ಬಿಸಿಲೇರಿತ್ತು. ನಾನು ಕಿತ್ತ ಗಿಡದಲ್ಲಿ ಬೇರು ಬಂದರೆ ಕಾಯಿ ಇರುತ್ತಿರಲಿಲ್ಲ, ಕಾಯಿ ಉಳಿದರೆ ಗಿಡ ನಡುವೆ ತುಂಡಾಗಿರುತ್ತಿತ್ತು. ಎರಡು ಸಲ ಗಿಡದ ಜೊತೆ ನಾನೇ ಹಿಂದಕ್ಕೆ ಬಿದ್ದೆ. ಯಮನಪ್ಪ ಬಂದು ನಾನು ಹಾಕಿದ ಗುಂಪಿಗಳ ಮುಂದೆ ನಿಂತು ತಲೆ ಆಡಿಸಿದ.

‘ಅಕ್ಕಾರ, ಒಂದ ಗುಂಪಿ ದೊಡ್ಡದು, ಒಂದ ಸಣ್ಣದು ಆಗಾಕತ್ತಾವ್ರಿ. ನರಗುಂದದಾಗ ಇವನ್ನ ತಗೊಳ್ಳಂಗಿಲ್ಲ.’

ಅಷ್ಟರಲ್ಲಿ ಶೇಖಪ್ಪನವರ ಫೋನು. ಎಷ್ಟು ಬಾಕ್ಸು ಆಯಿತು ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ತೆರೆದೆ. ಗಂಗಿ ಪಕ್ಕದಲ್ಲೇ ಬಾಗಿಕೊಂಡಿದ್ದಳು. ಅವಳ ಬೆನ್ನು ಕಾಣುತ್ತಿತ್ತು.

‘ನಾ ಹೊಲದಾಗ ಅದೀನ್ರಿ. ರೊಟ್ಟಿ ಮಾತು ನನ್ನ ತಂಗಿ ಹೇಳ್ತಾಳ್ರಿ’ ಎಂದೆ.

‘ಯಾವ ತಂಗಿರಿ?’

‘ಅವತ್ತ ಒಲಿ ಮುಂದ ನೋಡಿದ್ರೆಲ್ಲ, ಹೆಣ್ಣಾಳು ಅಂದಿದ್ನಿ. ಸುಳ್ಳ ಹೇಳಿದ್ನಿ. ಅಕಿ ನನ್ನ ಒಡಹುಟ್ಟಿದಾಕಿ.’

ಸಾಲಿನಲ್ಲಿ ಕೈಗಳು ನಿಂತವು. ಫೋನನ್ನು ಗಂಗಿಯ ಮುಂದೆ ಹಿಡಿದೆ. ಅವಳು ಕೂಡಲೇ ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಎರಡೂ ಕೈ ಒರೆಸಿಕೊಂಡಳು, ಬೆರಳು ಬೆರಳು ಒರೆಸಿದಳು. ಆಮೇಲೆ ತೆಗೆದುಕೊಂಡು ಶಾಂತವಾಗಿ ಹೇಳಿದಳು.

‘ಮುಂಜಾನಿಗೆ ಆಗಂಗಿಲ್ರಿ. ನಾಳೆ ಸಂಜಿಗೆ ಎಲ್ಲಾ ಒಂದ ಅಳತಿದು ಮುಟ್ಟತಾವ. ತಡಿಯೂದಾದ್ರ ತಡೀರಿ, ಇಲ್ಲಂದ್ರ ಈಗ ಹೇಳ್ರಿ, ಬ್ಯಾರೆ ಕಡಿ ನೋಡ್ಕೊಳ್ಳಾಕ ನಿಮಗೂ ಹೊತ್ತಿರತೈತಿ.’

ಮದುವೆಯ ದೊಡ್ಡ ಊಟ ನಾಡಿದ್ದು, ಸಂಜೆಗೆ ಬಂದರೂ ನಡೆಯುತ್ತದೆ ಎಂದು ಕೊನೆಗೆ ಅವರು ಒಪ್ಪಿದರಂತೆ. ಮುಂಜಾನೆಗೇ ಬೇಕು ಎಂದು ನನಗೆ ಹೇಳಿದ್ದು ಹೆದರಿಸಲು. ಗಿರಾಕಿಗೆ ಆಗುವುದಿಲ್ಲ ಎಂದು ಹೇಳಬಹುದು ಎನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮುಂದಿನದನ್ನು ನೀಲವ್ವಾಯಿ ತಾನೇ ತೀರ್ಮಾನಿಸಿ ನಿಕಾಲಿ ಮಾಡಿದಳು. ಶಾಂತವ್ವ ಹೊಲದಲ್ಲಿ ಉಳಿಯಬೇಕು, ಗಂಗಿ ಬೇಕಾದವರನ್ನು ಕರೆದುಕೊಂಡು ಗಜೇಂದ್ರಗಡಕ್ಕೆ ಹೋಗಬೇಕು. ಒಬ್ಬಳ ಬದಲು ಅಷ್ಟು ಜನ ಹೇಗೆ ಎಂದು ಯಾರೋ ಕೇಳಿದರು. ಉಳಿದದ್ದನ್ನು ಶಾಂತವ್ವ ಬರುವ ವರ್ಷ ಕೊಡುತ್ತಾಳೆ, ಈ ಸಲ ನಾವೆಲ್ಲ ಕೇಳಿಸಿಕೊಂಡಿದ್ದೇವೆ ಎಂದು ಮುದುಕಿ ಮಾತು ಮುಗಿಸಿದಳು. ಗಂಗಿ ಆರಿಸಿದ್ದು ಹೀಗೆ: ಬಡಿಯಲು ತಾನು, ಮಾಬೂಬಿ, ರೇಣವ್ವ, ಮೂವರೇ. ನಾದಲು, ಬೇಯಿಸಲು, ಒಣಗಿಸಲು ಯಾರಾದರೂ ಸೈ. ಯಮನಪ್ಪನಿಗೆ ಹಿಟ್ಟು ಮುಟ್ಟದೆ ಬಾಕ್ಸು ಹೊರುವ ಕೆಲಸ. ಹಿತ್ತಲಲ್ಲಿ ಅವಳು ನನಗೆ ಹೇಳಿದ್ದೂ ಇದನ್ನೇ.

ಆ ದಿನ, ಮರುದಿನ ನಾನು ಹೊಲದಲ್ಲಿದ್ದೆ. ಮಧ್ಯಾಹ್ನ ನೀಲವ್ವಾಯಿ ತನ್ನ ಬುತ್ತಿಯಲ್ಲಿ ನನಗೂ ಕೊಟ್ಟಳು, ಕೀಳುವುದಕ್ಕಿಂತ ಉಣ್ಣುವುದು ಚಲೋ ಬರುತ್ತದೆ ನಿನಗೆ ಎಂದಳು. ರೊಟ್ಟಿ ನರಗುಂದ ಮುಟ್ಟಿದವು, ಒಂದೂ ಮುರಿಯದೆ. ಶೇಖಪ್ಪನವರು ಫೋನು ಮಾಡಿ, ಇನ್ನು ಮುಂದೆ ಆರ್ಡರನ್ನು ನಿಮ್ಮ ತಂಗಿಗೇ ಹೇಳುತ್ತೇನೆ ಎಂದರು. ನನಗೆ ಎರಡು ದಿನ ಸೊಂಟ ನೆಟ್ಟಗಾಗಲಿಲ್ಲ.

ನೆಟ್ಟಗಾದ ಮೇಲೆ ಗಂಗಿಯ ಮನೆಗೆ ಹೋದೆ. ನಿನ್ನನ್ನು ಮ್ಯಾನೇಜರ್ ಮಾಡುತ್ತೇನೆ ಎಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಹಾಗೆ ಆರಿಸುತ್ತಲೇ, ಅವತ್ತು ಹೆಣ್ಣಾಳು ಎಂದದ್ದು ಕೇಳಿಸಿತ್ತು ಎಂದಳು.

‘ಸಿಟ್ಟ ಬರಲಿಲ್ಲ ಯಕ್ಕಾ. ಅವತ್ತ ಉಣ್ಣಾಕ ಆಗಲಿಲ್ಲ, ಅಷ್ಟ.’

ಸಿಟ್ಟು ಬಂದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಬಯ್ಯಿಸಿಕೊಂಡು ಅತ್ತು ಮುಗಿಸಬಹುದಾಗಿತ್ತು. ತಪ್ಪಾಯಿತು ಎಂದೆ. ಅವಳು ಮೊರವನ್ನು ಒಮ್ಮೆ ಕೇರಿ, ಮ್ಯಾನೇಜರ್ ಬೇಡ, ವಾರದಲ್ಲಿ ಒಂದು ದಿನ ಮುಯ್ಯಿ ಸಾಕು ಎಂದಳು. ಆ ದಿನ ನಾನು ಒಲೆಯ ಮುಂದೆ, ಅವಳು ಕುರ್ಚಿಯಲ್ಲಿ. ಚೇಷ್ಟೆ ಮಾಡುತ್ತಿದ್ದಾಳೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಗೋಡೆಯ ಬರಹಕ್ಕೆ ಸುಣ್ಣ ಬಳಿಸಿದೆ. ಮಷೀನನ್ನು ಕೊಟ್ಟವನು ವಾಪಸು ತೆಗೆದುಕೊಳ್ಳಲಿಲ್ಲ. ಅದರ ಮೇಲೆ ಕೈ ಒರೆಸುವ ಬಟ್ಟೆ ಹಾಕುತ್ತೇವೆ. ಟಂಟಂನಿಂದ ಈಗಲೂ ದಿನಕ್ಕೊಂದು ಹೊಸ ಮುಖ ಇಳಿಯುತ್ತದೆ, ನಾನು ಹೆಸರು ಕೇಳಿ ಚಹಾ ಕೊಡುತ್ತೇನೆ. ಬಡಿಯುವ ಕೈಗಳು ಮಾತ್ರ ಬದಲಾಗುವುದಿಲ್ಲ. ಆ ಮೂವರಲ್ಲಿ ಒಬ್ಬಳು ಬಾರದ ದಿನ ಅಷ್ಟು ಕಡಿಮೆ ರೊಟ್ಟಿ ಎಂದು ಶೇಖಪ್ಪನವರಿಗೆ ಮೊದಲೇ ಹೇಳಿಬಿಡುತ್ತೇವೆ. ಕೆಲಸ ಕೇಳಿಕೊಂಡು ಬಂದವರನ್ನು ಈಗ ನಾನು ಅನುಭವ ಎಷ್ಟು ಎಂದು ಮೊದಲು ಕೇಳುವುದಿಲ್ಲ. ನಿನಗೆ ಜ್ವರ ಬಂದರೆ ನಿನ್ನ ಬದಲಿ ಯಾರು ಬರುತ್ತಾರೆ ಎಂದು ಕೇಳುತ್ತೇನೆ. ತಟ್ಟನೆ ನಾಲ್ಕು ಹೆಸರು ಹೇಳಿದವಳನ್ನು ಅಲ್ಲೇ ಕೂರಿಸಿಕೊಳ್ಳುತ್ತೇನೆ. ನಾಲ್ಕು ಮನೆಯವರು ಅವಳಿಗಾಗಿ ಬರುತ್ತಾರೆ ಎಂದರೆ ಅವಳೂ ಆ ನಾಲ್ಕು ಮನೆಗೆ ಹೋಗಿದ್ದಾಳೆ ಎಂದು ಅರ್ಥ. ಅಂಥವಳನ್ನು ನಾನು ನಂಬಬಹುದು. ನನ್ನನ್ನು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ಆಗ ನಾನು ಹೇಳಬಹುದಾಗಿದ್ದದ್ದು ಒಂದೇ ಹೆಸರು. ಆ ಹೆಸರಿನವಳ ಮನೆಗೆ ನಾನು ಹೋಗಿರಲಿಲ್ಲ.

ವಾರದ ಆ ದಿನ ಗುರುವಾರ. ಮೊದಲ ಗುರುವಾರ ಗಂಗಿ ಒಗೆದ ಸೀರೆ ಉಟ್ಟು ಬಂದು ಕುರ್ಚಿಯಲ್ಲಿ ಕುಳಿತಳು, ಒಂದು ಸುತ್ತು ತಿರುಗಿ ನೋಡಿದಳು, ಚೆನ್ನಾಗಿದೆ ಎಂದಳು. ನಾನು ಮಾಬೂಬಿಯ ಪಕ್ಕ ಕುಳಿತು ಬಡಿದೆ. ಬಹಳ ದಿನದ ಮೇಲೆ ಬಡಿದದ್ದು. ಅಂಗೈ ಕೆಂಪಾಯಿತು. ಒಣಗಿದ ರೊಟ್ಟಿಗಳನ್ನು ಗಂಗಿ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ನನ್ನವನ್ನೆಲ್ಲ ತೆಗೆದು ಪಕ್ಕಕ್ಕೆ ಇಟ್ಟಳು.

‘ಇವು ನರಗುಂದಕ್ಕ ಹೋಗೂವಲ್ಲ ಯಕ್ಕಾ. ಮತ್ತ ಬಡಿ.’

‘ಲೇ, ಅಂಗಡಿ ನಂದು’ ಎಂದೆ.

‘ನಾಳೆ’ ಎಂದಳು, ಮುಂದಿನ ರೊಟ್ಟಿಯನ್ನು ಬೆಳಕಿಗೆ ಹಿಡಿಯುತ್ತ.